ಇಳಿಕೆ

ವಾಲ್ಪರೈಸೊದ ಈ ಗುಡ್ಡಕ್ಕೆ ರಸ್ತೆ ಅರ್ಧಕ್ಕೇ ಬಂದು ನಿಂತಿದೆ.
ಅಲ್ಲಿಂದ ಮೇಲೆ ಮೆಟ್ಟಿಲು.
ನೂರ ಅರವತ್ತೆರಡು. ಎಣಿಸಿದ್ದು ನನ್ನ ಮಂಡಿ,
ನಗರಸಭೆಯಲ್ಲ.

ಕೊನೆಯ ಮನೆ ಒರ್ತೆನ್ಸಿಯಾ ಅಜ್ಜಿಯದು, ಸಾಸಿವೆ ಬಣ್ಣದ ತಗಡು.
ಮೊದಲು ಹಗ್ಗದ ರೈಲಿನ ಗಾಲಿಮನೆಯಲ್ಲಿ ಕೂತವಳು.
ಒಂದು ಡಬ್ಬಿ ಇಳಿದರೇನೇ ಇನ್ನೊಂದು ಏರುವ ಲೆಕ್ಕವನ್ನು
ಮೂವತ್ತೊಂದು ವರ್ಷ ಸನ್ನೆಗೋಲಿನಲ್ಲಿ ಹಿಡಿದವಳು.
ಈಗ ಹಿಡಿದದ್ದು ಫೋನು.

ಫೆಬ್ರುವರಿಯ ಸೆಕೆಯಲ್ಲಿ ಅವಳ ಫ್ರಿಜ್ಜು ಕೆಮ್ಮತೊಡಗಿತು.
ಬೆಣ್ಣೆ ಬೆವರಿತು. ಮೀನಿಗೆ ಮೊದಲು ಬೆಕ್ಕು ಬಂತು, ಆಮೇಲೆ ನೊಣ.
ಪಕ್ಕದ ಮನೆಯ ಯಸ್ನಾ ಐದು ಅಂಗಡಿಗಳನ್ನು
ಒಂದೇ ಪರದೆಗೆ ತಂದುಕೊಟ್ಟಳು,
ಒಂದೇ ಗೂಟಕ್ಕೆ ಐದು ಕತ್ತೆ ಕಟ್ಟಿದ ಹಾಗೆ.
ಯಾವುದು ತಲೆ ತಗ್ಗಿಸಿದರೂ ಗಂಟೆ ಬಾರಿಸುತ್ತದೆ.

ಮಾರ್ಚಿಡೀ ಅಜ್ಜಿ ಓದಿದ್ದು ಅದನ್ನೇ.
ಸೋಮವಾರ ಮೂರು ಲಕ್ಷಕ್ಕೆ ಹತ್ತು ಪೆಸೊ ಕಮ್ಮಿ.
ಗುರುವಾರ ಮೂರೂವರೆ ಲಕ್ಷ, ಅದರ ಮೇಲೊಂದು ಕೆಂಪು ಗೀಟು,
ಗೀಟಿನ ಕೆಳಗೆ, ದೊಡ್ಡ ಉಪಕಾರದ ಹಾಗೆ,
ಮತ್ತದೇ ಮೂರು ಲಕ್ಷಕ್ಕೆ ಹತ್ತು ಪೆಸೊ ಕಮ್ಮಿ.
"ಹತ್ತಿಸಿ ಇಳಿಸಿ, ಇಳಿಸಿದ್ದಕ್ಕೆ ಬಕ್ಷೀಸು ಕೇಳ್ತಾರೆ,"
ಅಂದಳು ನನಗೆ, ಬ್ರೆಡ್ಡಿನಂಗಡಿಯ ಸಾಲಿನಲ್ಲಿ.
ಆ ಹತ್ತು ಪೆಸೊ ಯಾಕೆ ಅಂತ ನಾನೂ ಕೇಳಲಿಲ್ಲ.
ಈ ಊರಲ್ಲಿ ಹತ್ತರ ನಾಣ್ಯ ಬಿದ್ದರೆ
ನಾಯಿ ಮಾತ್ರ ತಿರುಗಿ ನೋಡುತ್ತದೆ.

ಅವಳ ನೋಟುಬುಕ್ಕು ನೋಡಿದ್ದೇನೆ: ದಿನಾಂಕ, ಅಂಗಡಿ, ಒಂದು ಗೆರೆ.
ಗೆರೆ ಆಳಕ್ಕೆ ಇಳಿದ ಒಂದು ಜಾಗದಲ್ಲಿ
ಸಣ್ಣ ಅಕ್ಷರ: "ಆವತ್ತು ನಿದ್ದೆ ಬಂದುಬಿಟ್ಟಿತ್ತು."

ಏಪ್ರಿಲಿನ ಒಂದು ನಡುರಾತ್ರಿ ಗಂಟೆ ಬಾರಿಸಿತು.
ಎರಡು ಲಕ್ಷ ಅರವತ್ತೇಳು ಸಾವಿರದ ಒಂಬೈನೂರ ತೊಂಬತ್ತು.
ಉಳಿದದ್ದು ಮೂವತ್ತೆರಡು ಸಾವಿರ.
ಬೆಳಗಾಗುವಾಗ ಇಡೀ ಗುಡ್ಡಕ್ಕೆ ಗೊತ್ತಿತ್ತು; ಗ್ಯಾಸಿನವನು ಕೂಡ
ಸಿಲಿಂಡರು ಬಡಿಯುವುದು ಬಿಟ್ಟು ಅವಳ ಕೈ ಕುಲುಕಿದ.

"ಮನೆ ಬಾಗಿಲಿಗೆ ಉಚಿತ" ಅಂದಿತ್ತಂತೆ ಪರದೆ.
ಲಾರಿಯವನು ರಸ್ತೆ ಮುಗಿದಲ್ಲಿ ಪೆಟ್ಟಿಗೆ ಇಟ್ಟು,
ಸಹಿ ಹಾಕಿಸಿಕೊಂಡು, ಒಮ್ಮೆ ಮೇಲೆ ನೋಡಿ, ಹೊರಟುಹೋದ.
ಆಗ ನನ್ನನ್ನು ಕರೆದರು. ನಾನು ನಿಬಾಲ್ದೊ.
ನನ್ನ ಬೆಲೆ ಯಾವ ಪರದೆಯಲ್ಲೂ ಇಲ್ಲ.
ಮೆಟ್ಟಿಲಿಗೆ ಇನ್ನೂರು.

ಅಜ್ಜಿ ಬಾಯಲ್ಲೇ ಗುಣಿಸಿದಳು.
ಮೂವತ್ತೆರಡು ಸಾವಿರದ ನಾನೂರು.
ಮೂಗಿಗಿಂತ ಮೂಗುತಿ ಭಾರ, ನಾನೂರು ಪೆಸೊದಷ್ಟು.
"ಕಳೆದ ಮೂವತ್ತು ದಿನದಲ್ಲಿ ನಿನ್ನ ಅತಿ ಕಡಿಮೆ ದರ?"
"ಒಂದು ಪಿಯಾನೊ, ಅಜ್ಜಿ. ಅರ್ಧ ಬಾಟಲಿ ವೈನಿಗೆ.
ಆದರೆ ಅದು ನನ್ನ ತಂಗಿಯದು."
"ನಾನು ನಿನಗೆ ಏನೂ ಅಲ್ಲ," ಅಂದಳು,
ದೂರಿದ ಹಾಗಲ್ಲ, ಲೆಕ್ಕ ತಿದ್ದಿದ ಹಾಗೆ.
ಎರಡು ಮೆಟ್ಟಿಲು ಬಿಟ್ಟುಕೊಟ್ಟೆ.

ಹೊತ್ತವನಿಗೆ ರಿಯಾಯಿತಿ ತಿಳಿಯುವುದಿಲ್ಲ.
ಅರವತ್ತೊಂದು ಕಿಲೋ ಸೋಮವಾರವೂ ಅರವತ್ತೊಂದು, ಗುರುವಾರವೂ.
ಅವಳು ಮುಂದೆ, ನಾಯಿಗಳನ್ನು ಬದಿಗೆ ಸರಿಸುತ್ತಾ.
ನೂರ ಹದಿನೇಳನೆಯದರಲ್ಲಿ ಅವಳ ಏಪ್ರನ್ನಿನೊಳಗೆ ಗಂಟೆ.
ನಿಂತಳು. ನೋಡಿದಳು. ಸಮುದ್ರದ ಕಡೆ ತಿರುಗಿದಳು.
"ಏನದು?" ಅಂದೆ, ಹಣೆಪಟ್ಟಿಯ ಕೆಳಗಿಂದ.
"ಹವಾಮಾನ," ಅಂದಳು.

ಆ ಗಂಟೆ ನನಗೆ ಗೊತ್ತು. ನನ್ನ ಕಿಸೆಯಲ್ಲೂ ಅದೇ ಇದೆ.
ಒಂದು ಜೊತೆ ಬೂಟು, ನಲವತ್ತೆರಡನೆಯ ಅಳತೆ,
ನವೆಂಬರಿನಿಂದ ಕಾಯುತ್ತಿದ್ದೇನೆ.

ಮೇಲೆ, ಹಳೆಯ ಫ್ರಿಜ್ಜು ಬಾಗಿಲಲ್ಲಿ ಬಾಯಿ ತೆರೆದು ನಿಂತಿತ್ತು.
ಅಜ್ಜಿ ನೀರು ಕೊಟ್ಟಳು, ದುಡ್ಡು ಎಣಿಸಿ ಕೊಟ್ಟಳು.
"ಇದನ್ನ ಇಳಿಸೋಕೆ?"
"ಇಳಿಕೆಗೆ ಅರ್ಧ."
ಅವಳ ಬಲಗೈ ಇಲ್ಲದ ಸನ್ನೆಗೋಲನ್ನು ಒಮ್ಮೆ ಹುಡುಕಿತು.
ಒಂದು ಏರಿದ ಮೇಲೆ ಒಂದು ಇಳೀಲೇಬೇಕಲ್ಲ, ಅಂದಳು,
ಅವಸರ ಏನಿಲ್ಲ, ನಾಳೆ ಬಾ,
ನೋಡೋಣ ದರ ಹೇಗಿರುತ್ತೋ.